ಚಕ್ಕಡಿ ಬಾಗಿಲಿನ ಬೀಗ

ಹಮ್ಮಿಗಿ
30 ಡಿಸೆಂಬರ್ 2024, ಸೋಮವಾರ

ಪೂಜ್ಯ ಅಂಬುಬಾಯಿ ಅಕ್ಕೋರಿಗೆ, ನಿಮ್ಮ ಕೈಯಾಗ ಕಲಿತ ಭಾಗ್ಯಾ ಮಾಡುವ ನಮಸ್ಕಾರಗಳು.

ಇವತ್ತು ಎಳ್ಳಮಾಸಿ ಅಲ್ರಿ, ಊರಾಗ ಒಂದು ನಾಯಿನೂ ಉಳದಿಲ್ಲ. ಎಲ್ಲಾರೂ ಚರಗಾ ಚೆಲ್ಲಾಕ ಹೊಲಕ್ಕ ಹೊಂಟಾರ. ನಮ್ಮವರಿಗೆ ಸೋಮವಾರ, ಗುರುವಾರ ಗದಗಿನ್ಯಾಗ ಡಯಾಲಿಸಿಸ್ ಇರತೈತಿ, ನಿಮಗ ಗೊತ್ತೈತಿ. ಡಾಕ್ಟರಿಗೆ ಕೈ ಮುಗಿದು ಇವತ್ತಿಂದನ್ನ ನಾಳಿಗೆ ಹಾಕಿಸಿಕೊಂಡೇವಿ. "ಭೂಮಿತಾಯಿಗೆ ಉಣಿಸಲಾರದ ನಾ ಹೆಂಗ ಆ ಮಷೀನಿನ ಮಗ್ಗಲಾಗ ಮಕ್ಕೊಳ್ಳಲಿ" ಅಂತ ಹಟಾ ಹಿಡದ್ರು.

ಕಂಡಕ್ಟರ್ ತಿರಕಪ್ಪಣ್ಣನ ಕೈಯಾಗ ಬುತ್ತಿ ಕಳಿಸೇನಿ. ದವಾಖಾನಿಯ ಚಕ್ಕಡಿ ಬಾಗಲ ಮುಂದ ಬಸ್ಸು ನಿಂತಾಗ ಎಂದಿನಂಗ ಎದುರಿನ ನಿಮ್ಮ ಕಟ್ಟಿ ಮ್ಯಾಲ ಇಟ್ಟು ಹೋಗ್ತಾನ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಶೇಂಗಾ ಹೋಳಿಗಿ, ಕಡಬು ಅದಾವು. ನಿಮ್ಮ ಎಣಗಾಯಿಗೆ ಉಳ್ಳಾಗಡ್ಡಿ ಹಾಕಿಲ್ಲ. ಫೋನಿನ್ಯಾಗ ನಿಮಗ ಕೇಳಂಗಿಲ್ಲ ಅಂತ ಈ ಚೀಟಿ ಬರದು ಬುತ್ತಿ ಅರಿವ್ಯಾಗ ಕಟ್ಟೇನಿ. ನಾಳೆ ಬಂದಾಗ ಕಟ್ಟಿ ಮ್ಯಾಲ ಕುಂತು ಮಾತಾಡೂಣು.

ನಿಮ್ಮ
ಭಾಗ್ಯಾ

—

ದವಾಖಾನಿ ಓಣಿ, ಗದಗ
30 ಡಿಸೆಂಬರ್ 2024, ಸಂಜೆ

ಚಿ. ಸೌ. ಭಾಗ್ಯಾಳಿಗೆ ಆಶೀರ್ವಾದ.

ತೊಳೆದ ಡಬ್ಬಿಯ ಜೊತೆ ಇದನ್ನು ತಿರಕಪ್ಪನ ಸಂಜೆಯ ಬಸ್ಸಿಗೆ ಕೊಡುತ್ತಿದ್ದೇನೆ. ಬುತ್ತಿ ತಲುಪಿತು. ನೀನು ಒಬ್ಬ ಮುದುಕಿಗೆ ಕಳಿಸಿದೆಯೋ ಒಂದು ಮದುವೆಯ ಮನೆಗೆ ಕಳಿಸಿದೆಯೋ ತಿಳಿಯಲಿಲ್ಲ. ಪುಣ್ಯಕ್ಕೆ ಉಣ್ಣುವವರು ಸಿಕ್ಕರು. ಹಳದಿ ಅಂಗಿ ತೊಟ್ಟ ಇಬ್ಬರು ತರುಣರು ಬೆಳಗಿನಿಂದ ಚಕ್ಕಡಿ ಬಾಗಿಲಿನ ಮುಂದೆ ನಿಂತಿದ್ದರು. ಕೈಯಲ್ಲಿ ಹೆಬ್ಬೆರಳಿನಿಂದ ಒತ್ತುವ ಎಣಿಕೆಯ ಯಂತ್ರ. ಒತ್ತುವುದಕ್ಕೆ ಏನೂ ಇಲ್ಲದೆ ಆಕಳಿಸುತ್ತಿದ್ದರು. ಖಾನಾವಳಿ ಬಾಗಿಲು ಹಾಕಿದೆ, ಉಪವಾಸ ಎಂದರು. ಕರೆದು ಎಲೆ ಹಾಕಿದೆ. ಒಬ್ಬ ತುಮಕೂರಿನ ಕಡೆಯವನಂತೆ. ಪುಂಡಿಪಲ್ಯವನ್ನು ಮೂರು ಸಲ ನೀಡಿಸಿಕೊಂಡ. ರಸ್ತೆಯ ಕೆಲಸಕ್ಕೆ ಏನೋ ಎಣಿಸುತ್ತಿದ್ದಾರಂತೆ. ಸದ್ಯ, ಕಡೆಗೂ ನಮ್ಮ ಓಣಿಯ ಗುಂಡಿ ಯಾರದೋ ಕಣ್ಣಿಗೆ ಬಿತ್ತು.

ನಾಳೆ ಮಾಳಿಂಗರಾಯ ಮಷೀನಿನಿಂದ ಎದ್ದ ಮೇಲೆ ಗಡಿಬಿಡಿ ಮಾಡಬೇಡಿರಿ. ಬಸ್ಸು ಬರುವ ತನಕ ನನ್ನ ಕಟ್ಟೆಯ ಮೇಲೆ ಅಡ್ಡಾಗಲಿ. ದಿಂಬು ಹೊರಗೇ ಇಟ್ಟಿರುತ್ತೇನೆ.

ಅಂಬುಬಾಯಿ

—

ಗದಗ
20 ಮಾರ್ಚ್ 2025

ಚಿ. ಸೌ. ಭಾಗ್ಯಾ,

ಈ ಪತ್ರ ಅಂಚೆಯಲ್ಲಿ ಬರುತ್ತಿದೆ. ತಿರಕಪ್ಪನ ಬಸ್ಸು ಈಗ ನಮ್ಮ ಓಣಿಯ ಬಾಯಿಗೂ ಬರುವುದಿಲ್ಲ. ಸೋಮವಾರ ನೀವು ಬಂದಿರಬೇಕು, ಇವತ್ತೂ ಬಂದಿರಬೇಕು. ದಿಂಬು ಹೊರಗಿಟ್ಟುಕೊಂಡು ದಾರಿ ನೋಡಿದ್ದೇ ಬಂತು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಚಕ್ಕಡಿ ಬಾಗಿಲಿಗೆ ಬೀಗ. ಅದರ ಮೇಲೊಂದು ಫಲಕ: "ಈ ದ್ವಾರವನ್ನು ಮುಚ್ಚಲಾಗಿದೆ. ಸಾರ್ವಜನಿಕರು ಸಹಕರಿಸಬೇಕು." ನಮ್ಮಿಂದ ಏನನ್ನಾದರೂ ಕಿತ್ತುಕೊಳ್ಳುವಾಗಲೆಲ್ಲ ಇವರಿಗೆ ನಮ್ಮ ಸಹಕಾರ ಬೇಕು. ಕಾವಲುಗಾರ ಮುದಕಪ್ಪನನ್ನು ಕೇಳಿದೆ. "ಕೀಲಿ ನನ್ನ ಕಿಸೆದಾಗನ ಐತ್ರಿ ಅಕ್ಕೋರ, ಅಧಿಕಾರ ಕಿಸೆದಾಗ ಇಲ್ಲ" ಎಂದ.

ಓಣಿ ಈಗ ಒಮ್ಮುಖ ರಸ್ತೆ. ಬಸ್ಸುಗಳೆಲ್ಲ ಹೊರಗಿನ ದೊಡ್ಡ ರಸ್ತೆಯ ಮೇಲೆ ಹಾದು ಸರ್ಕಲ್ಲಿನಲ್ಲಿ ನಿಲ್ಲುತ್ತವೆ. ಟಂಟಂ, ಆಟೋ, ಕಾರು ಎಲ್ಲವನ್ನೂ ಹಳೆಯ ಹತ್ತಿ ಜಿನ್ನಿನ ಬಯಲಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ರೋಗಿಗಳು ಗೋಡೆಯ ಗುಂಟ ಸುತ್ತುಹಾಕಿ ಪಶ್ಚಿಮದ ಬಾಗಿಲಿಗೆ ಹೋಗಬೇಕು, ಆಮೇಲೆ ಇಡೀ ಆವಾರ ದಾಟಬೇಕು. ಡಯಾಲಿಸಿಸ್ ಕೋಣೆ ಇರುವುದೆಲ್ಲಿ? ಚಕ್ಕಡಿ ಬಾಗಿಲಿನ ಒಳಗೆ ಕಾಲಿಟ್ಟರೆ ಎದುರಿಗೆ. ಈ ನಕ್ಷೆ ಬರೆದವನು ಒಂದು ದಿನವೂ ಮೈಯಲ್ಲಿ ಆರಾಮಿಲ್ಲದೆ ಮಲಗಿದವನಲ್ಲ ಎಂದು ಕಾಣುತ್ತದೆ.

ಆ ಬಾಗಿಲು ಹೇಗೆ ಬಂತೆಂದು ಇವರಿಗೆ ಯಾರು ಹೇಳಬೇಕು? ನಾನಾಗ ಪರಕಾರ ತೊಡುತ್ತಿದ್ದ ಹುಡುಗಿ. ಹತ್ತಿಯ ಸುಗ್ಗಿ. ಜಿನ್ನಿಗೆ ಹೊರಟ ಎತ್ತಿನ ಚಕ್ಕಡಿಗಳು ಆ ಕಡೆಯ ರಸ್ತೆಯನ್ನೆಲ್ಲ ತುಂಬಿ ನಿಂತಿದ್ದವು. ಶಿರಹಟ್ಟಿ ಕಡೆಯ ಮಾಗಡಿಯಿಂದ ದಿನ ತುಂಬಿದ ಹೆಂಗಸನ್ನು ಹೊತ್ತ ಒಂದು ಚಕ್ಕಡಿ ಆ ಸಾಲಿನೊಳಗೆ ಸಿಕ್ಕಿಬಿತ್ತು. ಹಿಂದೆ ಬರಲಾಗದು, ಮುಂದೆ ಹೋಗಲಾಗದು. ಹೆಂಗಸು ಉಳಿದಳು, ಕೂಸು ಉಳಿಯಲಿಲ್ಲ. ಮರುದಿನ ಆಗಿನ ದೊಡ್ಡ ಡಾಕ್ಟರು ಗೌಂಡಿಯನ್ನು ಕರೆಸಿ ನಮ್ಮ ಮನೆಯ ಎದುರಿನ ಗೋಡೆ ಒಡೆಸಿದರು. ಅಳತೆಗೆ ಒಂದು ಚಕ್ಕಡಿಯನ್ನೇ ತಂದು ನಿಲ್ಲಿಸಿದ್ದರು. ನಾನು ಕಣ್ಣಾರೆ ಕಂಡದ್ದು. ಯಾವ ಅರ್ಜಿಯೂ ಇರಲಿಲ್ಲ, ಯಾವ ಸಮೀಕ್ಷೆಯೂ ಇರಲಿಲ್ಲ. ಒಂದು ಕೂಸು ಸತ್ತದ್ದೇ ಸಾಕಾಗಿತ್ತು.

ನಾನು ಸುಮ್ಮನೆ ಕೂಡುವವಳಲ್ಲ. ಮಾಳಿಂಗರಾಯನಿಗೆ ಈ ಸುತ್ತು ಹೇಗಾಗುತ್ತಿದೆ? ಮುಚ್ಚುಮರೆ ಇಲ್ಲದೆ ಬರೆ.

ಅಂಬುಬಾಯಿ

—

ಹಮ್ಮಿಗಿ
2 ಏಪ್ರಿಲ್ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಯುಗಾದಿ ಚೊಲೋ ಆತ್ರಿ. ನಮ್ಮ ಬಗ್ಗೆ ಕಾಳಜಿ ಮಾಡಬ್ಯಾಡ್ರಿ. ನಮಗ ಏನೂ ತ್ರಾಸ ಇಲ್ಲ. ಹೊಸಾ ಡಾಂಬರು ಹಾಕ್ಯಾರ, ರಸ್ತಾ ಹಸನಾಗೈತಿ. "ನಡದಷ್ಟೂ ಮೈಗೆ ಚೊಲೋ" ಅಂತಾರ ನಮ್ಮವರು. ಬಿಸಲು ಒಂದೀಟು ಜಾಸ್ತಿ. ಅವರಿಗೆ ಹೆಚ್ಚಿಗಿ ನೀರು ಕುಡೀಬಾರದು ಅಂತ ಹೇಳ್ಯಾರಲ್ರಿ, ಅದಕ್ಕ ಬಾಯಾಗ ಒಂದು ಯಾಲಕ್ಕಿ ಇಟಗೊಂಡು ನಡೀತಾರ. ಅಲ್ಲಲ್ಲೆ ಕುಂದರತೇವಿ, ಮತ್ತ ಏಳತೇವಿ. ಆಗಿ ಹೋಗತೈತಿ.

ನಮ್ಮ ಸಲುವಾಗಿ ನೀವು ಈ ವಯಸ್ಸಿನ್ಯಾಗ ಕಚೇರಿ ಕಚೇರಿ ಅಡ್ಡಾಡಬ್ಯಾಡ್ರಿ.

ಭಾಗ್ಯಾ

—

ಗದಗ
15 ಏಪ್ರಿಲ್ 2025

ಚಿ. ಸೌ. ಭಾಗ್ಯಾ,

ನೀನು ತ್ರಾಸವಿಲ್ಲ ಎಂದು ಬರೆದದ್ದು ಓದಿ ಸಮಾಧಾನವಾಯಿತು. ಮಾಳಿಂಗರಾಯ ಗಟ್ಟಿ ಮನುಷ್ಯ. ಆದರೆ ಎಲ್ಲರೂ ಅವನಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೇ ನಾನು ಅಡ್ಡಾಡುತ್ತಿದ್ದೇನೆ.

ಕಚೇರಿಯ ಕತೆ ಕೇಳು. ಮೊದಲ ಮೇಜಿನವನು ಎರಡನೆಯ ಮೇಜಿಗೆ ಕಳಿಸಿದ. ಅಲ್ಲಿದ್ದವನು ಊಟಕ್ಕೆ ಹೋಗಿದ್ದ. ಮೂರನೆಯವನು, "ಅಜ್ಜಿ, ಇದು ಆಸ್ಪತ್ರೆಯವರಿಗೆ ಸಂಬಂಧಿಸಿದ್ದು" ಎಂದ. ಆಸ್ಪತ್ರೆಯವರು, "ಅದು ರಸ್ತೆಯವರ ನಿರ್ಧಾರ" ಎಂದರು. ನಾನಂದೆ: "ಹಂಗಾದರ ಬಾಗಲಾ ತಾನ ಮುಚಗೊಂಡದ ಏನಪಾ? ಮನ್ನೆ ಸಿಟ್ಟು ಬಂದಿತ್ತೇನು ಅದಕ್ಕ?" ಪಕ್ಕದಲ್ಲಿ ನಿಂತಿದ್ದವರು ನಕ್ಕರು. ನಗು ಬಂದರೆ ಅರ್ಜಿ ಮುಂದೆ ಸರಿಯುತ್ತದೆಯೇ?

ಓಣಿಯವರಂತೂ ಬಾಗಿಲು ಮುಚ್ಚಿದ್ದಕ್ಕೆ ಖುಷಿಯಾಗಿದ್ದಾರೆ. ಸದ್ದಿಲ್ಲ, ಉಗುಳುವವರಿಲ್ಲ, ಜಗಲಿಯ ಮೇಲೆ ಮಲಗುವವರಿಲ್ಲ. ನನ್ನ ತಮ್ಮನ ಮಗ ಹೇಮಂತ ಮಹಡಿಯ ಮೇಲೆ ಇದ್ದಾನಲ್ಲ, ಅವನು ಹೇಳುತ್ತಾನೆ: "ಅತ್ಯಾ, ಬಿಡು ಇನ್ನ. ಹತ್ತು ವರ್ಷದಾಗ ಮೊದಲನೇ ಸಲ ನನ್ನ ಕಾರಿಗೆ ಜಾಗಾ ಸಿಕ್ಕದ." ಎಲ್ಲಿ ನಿಲ್ಲಿಸುತ್ತಾನೆ ಗೊತ್ತೇ? ಸರಿಯಾಗಿ ಚಕ್ಕಡಿ ಬಾಗಿಲಿನ ಮುಂದೆ. ಅವನ ಜೊತೆ ಮಾತು ಬಿಟ್ಟು ಐದು ದಿನವಾಯಿತು. ಅವನಿಗೆ ಇನ್ನೂ ಗೊತ್ತಾಗಿಲ್ಲ. ನನಗೆ ಕಿವಿ ಕೇಳುತ್ತಿಲ್ಲ ಎಂದುಕೊಂಡಿದ್ದಾನೆ.

ಈಗ ಮುಖ್ಯ ಸಂಗತಿ. ಮೇ 5, ಸೋಮವಾರ, ಅಹವಾಲು ಕೇಳುವ ಸಭೆ ಇಟ್ಟಿದ್ದಾರೆ. "ನೀವು ಹೇಳಿದರೆ ಸಾಲದು, ತೊಂದರೆ ಆದ ರೋಗಿ ಬರಬೇಕು" ಎಂದರು. ಹಮ್ಮಿಗಿಯ ಮಾಳಿಂಗರಾಯ ಬರುತ್ತಾನೆ ಎಂದು ಹೆಸರು ಬರೆಸಿ ಬಂದಿದ್ದೇನೆ. ಹೇಗೂ ಸೋಮವಾರ ನೀವು ಇಲ್ಲೇ ಇರುತ್ತೀರಿ. ಮಷೀನಿನ ನಂತರ ಕಚೇರಿಗೆ ಬನ್ನಿ. ಎರಡು ಮಾತು ಆಡಿದರೆ ಸಾಕು, ಉಳಿದದ್ದನ್ನು ನಾನು ಆಡುತ್ತೇನೆ.

ಅಂಬುಬಾಯಿ

—

ಗದಗ
6 ಮೇ 2025

ಭಾಗ್ಯಾ,

ನೀವು ಬರಲಿಲ್ಲ. ಬರುವುದಿಲ್ಲವೆಂದು ಒಂದು ಸಾಲು ಸಹ ಬರೆಯಲಿಲ್ಲ. ನನ್ನ ಪತ್ರ ತಲುಪಿಲ್ಲ ಎನ್ನಬೇಡ, ಅಂಚೆಯ ಮೇಲೆ ತಪ್ಪು ಹಾಕಬೇಡ.

ಸಾಹೇಬರು ಕೇಳಿದರು: "ನಿಮಗೇನು ತೊಂದರೆ? ನಿಮ್ಮ ಮನೆ ಎದುರಿಗೇ ಇದೆಯಲ್ಲ." ತೊಂದರೆ ನನಗಲ್ಲ, ರೋಗಿಗಳಿಗೆ ಎಂದೆ. "ರೋಗಿಗಳು ಎಲ್ಲಿದ್ದಾರೆ? ಒಬ್ಬರನ್ನಾದರೂ ತೋರಿಸಿ." ನಾನು ಬಾಗಿಲ ಕಡೆ ನೋಡಿದೆ. ಎಲ್ಲರೂ ಬಾಗಿಲ ಕಡೆ ನೋಡಿದರು. ಚಹಾ ತರುವವನು ಒಳಗೆ ಬಂದ. ಹಿಂದಿನಿಂದ ಯಾರೋ, "ರೋಗಿಗಿಂತ ಅಕ್ಕೋರಿಗೇ ಬ್ಯಾನಿ ಜಾಸ್ತಿ ಆಗೈತಿ" ಎಂದರು. ಇಂಥ ಮಾತು ಮಾತ್ರ ನನ್ನ ಕಿವಿಗೆ ಚೆನ್ನಾಗಿ ಕೇಳುತ್ತದೆ.

ಆಮೇಲೆ ರಸ್ತೆಯ ಇಂಜಿನಿಯರ್ ಎದ್ದ. ದುರ್ಗೇಶ ಎಂದು ಹೆಸರು, ವಿನಯದ ಹುಡುಗ. "ನಾವು ಕಣ್ಣು ಮುಚ್ಚಿಕೊಂಡು ಗೇಟು ಮುಚ್ಚಿಲ್ಲ ಮೇಡಂ. ಸೋಮವಾರ ಇಲ್ಲಿ ಜನ ಜಾಸ್ತಿ ಅಂತ ಬೇಕಂತಲೇ ಸೋಮವಾರ ನಿಂತು ಎಣಿಸಿದ್ವಿ. ಬೆಳಗಿನಿಂದ ಸಂಜೆವರೆಗೂ ಆ ಗೇಟಲ್ಲಿ ಗುಬ್ಬಿ ಬಿಟ್ಟರೆ ಯಾರೂ ಬರಲಿಲ್ಲ" ಎಂದ. ಅರ್ಜಿ ವಜಾ ಎನ್ನುವುದೊಂದು ಬಾಕಿ.

ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದೆ. ಆ ಹುಡುಗ ಹಿಂದೆಯೇ ಬಂದ.

"ಮೇಡಂ, ನನ್ನ ಗುರುತು ಸಿಗಲಿಲ್ವಾ? ಅವತ್ತು ಊಟ ಹಾಕಿದ್ರಲ್ಲ. ಎಳ್ಳು ಹಚ್ಚಿದ ರೊಟ್ಟಿ, ಆ ಹುಳಿ ಸೊಪ್ಪಿನ ಪಲ್ಯ... ಇನ್ನೂ ನಾಲಿಗೆ ಮೇಲಿದೆ."

ಭಾಗ್ಯಾ, ನನ್ನ ಕೈಯಿಂದ ಕೊಡೆ ಬಿತ್ತು.

"ಅವತ್ತ ನೀವು ಎಣಿಸಿದ್ದು? ಅವತ್ತ ಒಂದ ದಿನಾ?"

"ಹೌದು ಮೇಡಂ, ಇಡೀ ದಿನ."

"ಅವತ್ತ ಎಳ್ಳಮಾಸಿ ಇತ್ತಪಾ!"

"ಅಂದ್ರೆ?"

"ಅಂದರ, ಅವತ್ತ ಕಾಟಿನ ಮ್ಯಾಲೆ ಮಲಗಿದ ಪೇಶಂಟ್ ಸುದ್ದಾ ಡಾಕ್ಟರ್ನ ಕಾಡಿ ಬೇಡಿ ಊರಿಗೆ ಹೋಗಿರ್ತಾನ. ಗದಗ ಜಿಲ್ಲಾದ ರೈತರೆಲ್ಲಾ ಹೊಲದಾಗ ಕೂತು ಉಣ್ಣಲಿಕ್ಕೆ ಹತ್ತಿದಾಗ ನೀ ಇಲ್ಲೆ ಅವರನ್ನ ಎಣಿಸೀಯಲ್ಲೋ!"

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಯಾರೂ ಅವನಿಗೆ ಹೇಳಿರಲಿಲ್ಲವಂತೆ. ಯಾರು ಹೇಳುತ್ತಾರೆ? ಹೇಳಬೇಕಾದವರೆಲ್ಲ ಅವತ್ತು ರಜೆ ಹಾಕಿ ಚರಗಕ್ಕೆ ಹೋಗಿದ್ದರು. ಇದ್ದವಳು ನಾನೊಬ್ಬಳು, ನಾನು ಪಲ್ಯ ನೀಡುತ್ತಿದ್ದೆ. ನೀನು ಹೊಲದಲ್ಲಿದ್ದೆ, ನಿನ್ನ ಬುತ್ತಿ ಅವನ ಹೊಟ್ಟೆಯಲ್ಲಿತ್ತು. ಅದನ್ನು ಉಂಡು ಎದ್ದವನು ನಿನ್ನ ದಾರಿಯನ್ನೇ ಮುಚ್ಚಿದ.

ಈ ಸಂಗತಿಯನ್ನು ನಾನು ಬಿಡುವುದಿಲ್ಲ. ಆದರೆ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಒಂದು ದಿನ ನನ್ನ ಪಕ್ಕ ನಿಂತಿದ್ದರೆ ಏನಾಗುತ್ತಿತ್ತು?

ಅಂಬುಬಾಯಿ

—

ಹಮ್ಮಿಗಿ
12 ಮೇ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ನಿಮ್ಮ ಸಿಟ್ಟು ಖರೇನ ಐತಿ. ನಾನು ನಿಮಗ ಸುಳ್ಳು ಬರದಿದ್ದೆ.

ಆ ಪತ್ರ ಬರಿಯೂಕಿಂತ ಮೊದಲ, ಯುಗಾದಿ ಮರುದಿನ ಸೋಮವಾರ, ಮಷೀನಿನಿಂದ ಎದ್ದು ಹೊರಗ ಬಂದ್ವಿ. ಇಷ್ಟು ದಿವಸ ಬಾಗಲ ದಾಟಿದ್ರ ನಿಮ್ಮ ಕಟ್ಟಿ ಇತ್ತು. ಅವತ್ತು ಆವಾರ ದಾಟಿ, ಗ್ವಾಡಿ ಸುತ್ತಿ, ಜಿನ್ನಿನ ಬಯಲಿಗೆ ಬರೂದ್ರಾಗ ಅವರಿಗೆ ಚಕ್ರ ಬಂದು ಬಿದ್ರು. ನನಗ ಎಬಸಾಕ ಆಗಲಿಲ್ಲ. ಗಾಡಿ ಹಚ್ಚಸಾವ ಸೀಟಿ ಊದಿ, "ಇಲ್ಲಿ ಮಲಗಸಬ್ಯಾಡವಾ, ಗಾಡಿ ಹೊಳ್ಳತಾವ" ಅಂದ. ಚಹಾ ಮಾರೂ ಮೆಹಬೂಬಿ ಅನ್ನಾಕಿ ಬಂದು ಮಾರಿಗೆ ನೀರು ಹೊಡದು, ತನ್ನ ಸೆರಗು ಹಿಡದು ನೆಳ್ಳ ಮಾಡಿದ್ಲು. ಅವರು ಕಣ್ಣು ತೆಗೆದು "ಒಂದು ಲೋಟ ತುಂಬ ನೀರು ಕೊಡ" ಅಂದ್ರು. ನಾ ತುಟಿ ಒರಿಸಿ ಬಿಟ್ಟೆ. ಅದಕ್ಕಿಂತ ಹೆಚ್ಚು ಕೊಡೂ ಹಂಗಿಲ್ಲಲ್ರಿ. ಆ ಮಾರಿ ನನಗ ಇನ್ನೂ ಕಣ್ಣಾಗ ಐತಿ.

ಮನಿಗೆ ಬಂದ ಮ್ಯಾಲ ಅಂದ್ರು: "ಮಂದಿ ಕಾಲಾಗ ಬಿದ್ದೆ. ಇನ್ನ ಆ ಬಯಲಿಗೆ ನಾ ಬರಂಗಿಲ್ಲ." ವಾರಕ್ಕ ಎರಡು ಇದ್ದದ್ದು ಒಂದಾತು. ಹ್ವಾದ ವಾರ ಅದೂ ಇಲ್ಲ. ಕಾಲು ಬಾತಾವು, ಉಸರು ಕಟ್ಟತೈತಿ. ಲಕ್ಕಪ್ಪ ಹೇಳಿ ನೋಡಿದ. ತಮ್ಮನ ಮಾತೂ ಕೇಳಲಿಲ್ಲ.

ಅದರಾಗ ನಿಮ್ಮ ಸಭಾದ ಪತ್ರ ಬಂತು. ಓದಿ ಹೇಳಿದೆ. "ಅಕ್ಕೋರು ನನ್ನ ಬ್ಯಾನಿ ಸಭಾದಾಗ ಇಡತಾರಂತ? ಐದ ಕಾಲಿನ ಬಸವಣ್ಣನ್ನ ಊರೂರು ತೋರಿಸಿದಂಗ?" ಅಂದು ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ್ರು. ನಿಮಗ ಇದನ್ನ ಹೆಂಗ ಬರೀಲಿ? ಅವತ್ತು ನಾ ಒಬ್ಬಾಕಿನ ಬರಬೇಕಂತ ಬಸ್ಸಿನ ತನಕಾ ಬಂದಿದ್ದೆ. ಮನ್ಯಾಗ ಅವರೊಬ್ಬರ ಅಂತ ನೆನಪಾಗಿ ಹೊಳ್ಳಿ ಹ್ವಾದೆ.

ಎಳ್ಳಮಾಸಿ ಬುತ್ತಿ ಸುದ್ದಿ ಓದಿ ಹೇಳಿದಾಗ ಮಾತ್ರ ಈಕಡೆ ಹೊಳ್ಳಿದ್ರು. "ಉಂಡು ಮುಚ್ಯಾನ ಮಗಾ!" ಅಂದ್ರು. ಬಾಳ ದಿವಸಕ್ಕ ನಕ್ಕಿದ್ದು.

ಭಾಗ್ಯಾ

—

ಗದಗ
17 ಮೇ 2025

ಭಾಗ್ಯಾ,

ನಿನ್ನ ಪತ್ರ ಕೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಮಾಳಿಂಗರಾಯನಿಗೆ ಹೇಳು: ಯಾವ ಸಭೆಯೂ ಇಲ್ಲ, ಯಾರ ಮುಂದೆಯೂ ಅವನು ಬಾಯಿ ತೆರೆಯಬೇಕಾಗಿಲ್ಲ. ಅವನನ್ನು ಕೇಳದೆ ಹೆಸರು ಬರೆಸುವ ಹಕ್ಕು ನನಗಿರಲಿಲ್ಲ.

ಈ ಗುರುವಾರ ತಪ್ಪಿಸಬೇಡಿ. ಟಂಟಂ ಮಾಡಿಕೊಂಡು ಬನ್ನಿ, ಲಕ್ಕಪ್ಪನನ್ನು ಕರೆದುಕೊಂಡು ಬನ್ನಿ. ನಮ್ಮ ಮುಂದಿನ ಕೋಣೆ ಖಾಲಿ ಇದೆ. ಬೇಕಾದರೆ ಗುರುವಾರದಿಂದ ಸೋಮವಾರದ ತನಕ ಇಲ್ಲೇ ಇದ್ದುಬಿಡಿ.

ಇನ್ನೊಂದು. ದುರ್ಗೇಶ ತನ್ನ ತಪ್ಪನ್ನು ತಾನೇ ಮೇಲಿನವರಿಗೆ ಹೇಳಿದ. ಬೈಸಿಕೊಂಡ. ಕಡೆಗೆ ಇನ್ನೊಮ್ಮೆ ಎಣಿಸಲು ಒಪ್ಪಿಗೆ ತಂದ. ಜೂನ್ 2, ಸೋಮವಾರ. ಆ ಒಂದು ದಿನ ಬೀಗ ತೆಗೆಯುತ್ತಾರೆ, ಬಸ್ಸು ಬಾಗಿಲಿನ ಮುಂದೆ ನಿಲ್ಲುತ್ತದೆ. ಈ ಸಲ ನಾನು ಪಂಚಾಂಗ ಬಿಚ್ಚಿ ಕೂತೆ. ಹುಣ್ಣಿಮೆ ಇಲ್ಲ, ಅಮಾವಾಸ್ಯೆ ಇಲ್ಲ, ಯಾವ ಊರಿನ ಜಾತ್ರೆಯೂ ಇಲ್ಲ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ನಾಲ್ಕೂ ತಾಲೂಕು ನೋಡಿದೆ. ಅದರಂಥ ನಿರ್ಮಲವಾದ ಸೋಮವಾರ ಇಡೀ ತಿಂಗಳಲ್ಲಿ ಇಲ್ಲ. ಮಾಳಿಂಗರಾಯ ಮಾತಾಡುವುದು ಬೇಡ. ಆ ಬಾಗಿಲಿನಿಂದ ಒಳಗೆ ಹೋದರೆ ಸಾಕು.

ಅಂಬುಬಾಯಿ

—

ಹಮ್ಮಿಗಿ
24 ಮೇ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ಗುರುವಾರ ಲಕ್ಕಪ್ಪ ಹೆಗಲು ಕೊಟ್ಟು ಕರಕೊಂಡು ಹೋಗಿ ಬಂದ. ಡಾಕ್ಟರ್ ಬಾಳ ಬೈದ್ರಂತ. ಬಾವು ಒಂದೀಟು ಇಳದೈತಿ. ನಿಮ್ಮ ಮನ್ಯಾಗ ಇರಾಕ ಮಾತ್ರ ಒಲ್ಲೆ ಅಂದ್ರು. "ಅಕ್ಕೋರ ಮನಿ ಮಂಚದ ಮ್ಯಾಲ ನಾ ಕಾಲ ಚಾಚಿ ಮಕ್ಕೊಳ್ಳೂದೇನು" ಅಂತಾರ. ಸೋಮವಾರದ್ದು ಇನ್ನೂ ಒಪ್ಪವಲ್ರು. ಎರಡನೇ ತಾರೀಖಿಂದು ಕೇಳಿದ್ರ "ನೋಡೂಣು" ಅಂದಾರ.

ಮಳಿ ಈ ಸಲ ಮುಂದಾಗಿ ಬಂದೈತ್ರಿ. ಮಂದಿ ಕೂರಿಗಿ ತಗದು ತೊಳ್ಯಾಕತ್ತಾರ.

ಭಾಗ್ಯಾ

—

ಗದಗ
2 ಜೂನ್ 2025, ಸೋಮವಾರ ಸಂಜೆ

ಭಾಗ್ಯಾ,

ಮುಗಿಯಿತು. ಬರೆಯಲು ಮನಸ್ಸಿಲ್ಲ. ಆದರೂ ಯಾರಿಗಾದರೂ ಹೇಳಬೇಕು.

ಬೆಳಿಗ್ಗೆ ಮುದಕಪ್ಪ ಬೀಗ ತೆಗೆದ. ಹೇಮಂತ ಸಹ ಕಾರು ಸರಿಸಿದ. ನಾನು ಕಟ್ಟೆ ಸಾರಿಸಿ, ದಿಂಬು ಇಟ್ಟು, ಕುರ್ಚಿ ಹಾಕಿ ಕೂತೆ. ದುರ್ಗೇಶ ಯಂತ್ರ ಹಿಡಿದು ನಿಂತ. ಓಣಿಯವರು ಹತ್ತಾರು ಜನ ಹೋದರು, ಬಂದರು. ಬಸ್ಸುಗಳು ಬಂದವು, ಖಾಲಿ ನಿಂತವು, ಖಾಲಿ ಹೋದವು. ಬೇರೆ ಕಂಡಕ್ಟರನೊಬ್ಬ ಇಳಿದು ಕೂಗಿದ: "ಯಾಕ ದಾರಿ ನೋಡ್ತೀರಿ ಅಕ್ಕೋರ? ಹಸಿ ಆಗೈತಿ, ಹೆಸರು ಬಿತ್ತಿಗಿ ನಡದೈತಿ. ಇವತ್ತ ಸತ್ತ ಹೆಣಾನೂ ಎದ್ದು ಕೂರಿಗಿ ಹಿಡೀತೈತಿ."

ಪಂಚಾಂಗದಲ್ಲಿ ಎಲ್ಲವನ್ನೂ ನೋಡಿದ್ದೆ. ಮಳೆ ಬಿದ್ದು ನೆಲ ಹದವಾಗುವ ದಿನವನ್ನು ಅದರಲ್ಲಿ ಬರೆದಿರುವುದಿಲ್ಲ. ಎಂಟು ತಲೆಮಾರಿನಿಂದ ಈ ನಾಡಿನಲ್ಲಿದ್ದೇವೆ, ನನಗೂ ತೋಚಲಿಲ್ಲ. ದುರ್ಗೇಶನಿಗೆ ಎಳ್ಳಮಾಸಿ ಗೊತ್ತಿಲ್ಲವೆಂದು ಕೂಗಾಡಿದವಳು ನಾನು. ನೀನು ಬರೆದೂ ಇದ್ದೆ, ಕೂರಿಗೆ ತೊಳೆಯುತ್ತಿದ್ದಾರೆ ಎಂದು. ಓದಿ ಮಡಿಚಿಟ್ಟಿದ್ದೆ.

ನೀವಾದರೂ ಬರುತ್ತೀರಿ ಎಂದುಕೊಂಡಿದ್ದೆ. ಹಮ್ಮಿಗಿಯ ಬಸ್ಸು ಅದರ ಹೊತ್ತಿಗೆ ಬರಲೇ ಇಲ್ಲ. ಮಧ್ಯಾಹ್ನದ ಮೇಲೆ ಎದ್ದು ಒಳಗೆ ಬಂದೆ. ಕಿವಿಯ ಯಂತ್ರ ಕಿತ್ತು ಕಪಾಟಿನಲ್ಲಿಟ್ಟೆ, ಬಾಗಿಲು ಹಾಕಿ ಮಲಗಿದೆ. ನಾಳೆಯಿಂದ ಮತ್ತೆ ಬೀಗ. ಇನ್ನು ಅರ್ಜಿ ಬರೆಯುವುದಿಲ್ಲ.

ಅಂಬುಬಾಯಿ

—

ಹಮ್ಮಿಗಿ
3 ಜೂನ್ 2025

ಪೂಜ್ಯ ಅಕ್ಕೋರಿಗೆ ನಮಸ್ಕಾರಗಳು.

ನಿನ್ನೆ ನಿಮ್ಮ ಬಾಗಲ ಬಡದು ಬಡದು ಕೈ ನೋಯಿಸಿಕೊಂಡು ಬಂದೇವಿ. ಮುದಕಪ್ಪಣ್ಣ ಅಂದ: "ಅಕ್ಕೋರು ಕಿವಿ ಮಷೀನು ತಗದಿಟ್ಟು ಸಿಟ್ಟಿನ್ಯಾಗ ಮಕ್ಕೊಂಡಾರ. ಸಿಡ್ಲ ಬಡದ್ರೂ ಏಳಂಗಿಲ್ಲ, ಬಿಡವಾ."

ಹಳ್ಳ ಬಂದಿತ್ರಿ, ನೀರು ಇಳಿಯೂತನಕಾ ತಿರಕಪ್ಪಣ್ಣನ ಬಸ್ಸು ಆಚೀ ದಂಡಿಗೆ ನಿಂತಿತ್ತು. ಅದಕ್ಕ ತಡಾ ಆತು. ನಸುಕಿನ್ಯಾಗ ನಮ್ಮವರು ತಾವ ಎದ್ದು ಅಂಗಿ ಹಾಕ್ಕೊಂಡು ಕುಂತಿದ್ರು. ನಾ ಕೇಳಲಿಲ್ಲ, ಕೇಳಿದ್ರ ಎಲ್ಲಿ ಒಲ್ಲೆ ಅಂತಾರ ಅಂತ. ಅಗಸಿ ಮುಂದ ಮಂದಿ ಕೂರಿಗಿ ಕಟಗೊಂಡು ಹೊಂಟಿದ್ರು. ಫಕೀರೇಶ ಮಾವ ನಕ್ಕು, "ಬಿತ್ತಿಗಿ ಬಿಟ್ಟು ಎಣಿಸಿಕೊಳ್ಳಾಕ ಹೊಂಟಿಯೇನಲೇ ಮಾಳ್ಯಾ?" ಅಂದ. ಇವರಂದ್ರು: "ಬಿತ್ತಾಕ ಕೈಯಾಗ ಕಸುವಿಲ್ಲ. ಎಣಿಸಿಕೊಳ್ಳಾಕ ಒಂದು ತಲಿ ಐತಲ್ಲ."

ಬಸ್ಸು ಚಕ್ಕಡಿ ಬಾಗಲಕ್ಕ ನಿಂತಿತು. ಇಳದು, ನಾಕು ಹೆಜ್ಜಿ ಇಟ್ಟು, ಒಳಗ ಹ್ವಾದ್ರು. ಹೋದವರು ಹೊಳ್ಳಿ ಬಂದು ಇಂಜಿನಿಯರನ ಮುಂದ ನಿಂತ್ರು.

"ಒತ್ತಿದ್ರೇನ್ರಿ ಸಾಹೇಬ್ರ?"

"ಒತ್ತಿದೆ ಯಜಮಾನ್ರೇ."

"ಇನ್ನೊಮ್ಮೆ ಹೋಗಿ ಬರ್ಲೇನು?"

"ಒಬ್ಬರನ್ನ ಒಂದೇ ಸಲ ಎಣಿಸಬೇಕು ಯಜಮಾನ್ರೇ."

"ಮುಂದಿನ ಸೋಮವಾರ?"

"ಎಣಿಕೆ ಇವತ್ತಿಗೆ ಮುಗಿಯುತ್ತೆ."

"ನಿಮ್ಮದು ಮುಗಿತೈತಿ. ನಾ ಮುಂದಿನ ಸೋಮವಾರನೂ ಬರಾಂವ ಇದ್ದೇನಿ, ಅದನ್ನ ಬರಕೋರಿ" ಅಂದ್ರು. ಆ ಹುಡುಗ ತಲಿ ಕೆಳಗ ಹಾಕಿದ. ನನಗ ಹೇಳಲಾರದ ಮಾತನ್ನ ಅವಗ ಹೇಳಿದ್ರು ನೋಡ್ರಿ. ನಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ.

ಮಷೀನಿನಿಂದ ಎದ್ದ ಮ್ಯಾಲ ನಿಮ್ಮ ಕಟ್ಟಿ ಮ್ಯಾಲ, ನಿಮ್ಮ ದಿಂಬಿನ ಮ್ಯಾಲ, ಬಸ್ಸು ಬರೂತನಕ ಮಲಗಿದ್ರು. ನೀವು ಒಂದು ಗ್ವಾಡಿ ಆಚೆ ಇದ್ರಿ.

ಭಾಗ್ಯಾ

—

ಗದಗ
27 ಜೂನ್ 2025

ಚಿ. ಸೌ. ಭಾಗ್ಯಾ,

ದಿಂಬಿನ ಮೇಲೆ ಗುಂಗುರು ಕೂದಲು ಕಂಡಿತ್ತು. ಹೇಮಂತನದೆಂದುಕೊಂಡು ಅವನನ್ನು ಮನಸ್ಸಿನಲ್ಲೇ ಬೈದಿದ್ದೆ. ನಿನ್ನ ಪತ್ರ ಬಂದ ಮೇಲೆ ಅವನ ಜೊತೆ ಮಾತು ಶುರು ಮಾಡಿದೆ.

ನಿನ್ನೆ ಕಚೇರಿಯ ಉತ್ತರ ಬಂತು. ಮರು ಎಣಿಕೆಯಲ್ಲೂ ಸಾಕಷ್ಟು ಬಳಕೆ ಕಂಡುಬಂದಿಲ್ಲ, ಸದ್ಯಕ್ಕೆ ಬಾಗಿಲು ಮುಚ್ಚಿಯೇ ಇರತಕ್ಕದ್ದು. ಬಡ ಜನರ ಮೇಲೆ ಕರುಣೆ ಬಂದು ಜಿನ್ನಿನ ಬಯಲಿಗೆ ಒಂದು ಗಾಲಿಕುರ್ಚಿ ಕೊಟ್ಟಿದ್ದಾರೆ. ಹೋಗಿ ನೋಡಿ ಬಂದೆ. ಕಳವಾಗಬಾರದೆಂದು ಅದಕ್ಕೆ ಸರಪಳಿ ಬಿಗಿದು ಬೀಗ ಹಾಕಿದ್ದಾರೆ. ಕೀಲಿ ಪಶ್ಚಿಮದ ಬಾಗಿಲಿನಲ್ಲಿದೆ. ಅಂದರೆ ಕುರ್ಚಿ ಬೇಕಾದವರು ಮೊದಲು ಅಲ್ಲಿಯ ತನಕ ನಡೆದುಹೋಗಿ ಕೀಲಿ ತರಬೇಕು. ಇದನ್ನು ಹೇಳಿದರೆ ಮೆಹಬೂಬಿ ನಗಲಿಲ್ಲ. "ಅಕ್ಕೋರ, ನನ್ನ ಚಹಾದ ಗಾಡಿಗೆ ಗಾಲಿ ಅದಾವು, ಬೀಗಿಲ್ಲ. ನಿಮ್ಮ ಮಾಳಿಂಗಣ್ಣನ್ನ ಅದರ ಮ್ಯಾಲ ಕುಂಡ್ರಿಸಿಕೊಂಡು ಹೋಗ್ತೀನಿ" ಎಂದಳು. ನಿನ್ನೆ ಹಾಗೆಯೇ ಕರೆದುಕೊಂಡು ಹೋದಳಂತೆ. ಮನೆಯಲ್ಲಿ ಇದನ್ನು ಹೇಳಿರಲಿಕ್ಕಿಲ್ಲ ಅವನು.

ಅವನು ಹೇಳದ ಸಂಗತಿ ಇನ್ನೂ ಒಂದಿದೆ. ನೀನು ಕಳೆ ತೆಗೆಯುವ ಕೆಲಸದಲ್ಲಿದ್ದೀ, ಲಕ್ಕಪ್ಪ ಜೊತೆಗೆ ಬರುತ್ತಾನೆ, ಆದ್ದರಿಂದ ನಿನಗೆ ಗೊತ್ತಿಲ್ಲ. ಮಷೀನಿನಿಂದ ಎದ್ದ ಮೇಲೆ ಮಾಳಿಂಗರಾಯ ನೇರ ಹೋಗುವುದಿಲ್ಲ. ಮೊದಲು ಒಳಗಿನಿಂದ ಚಕ್ಕಡಿ ಬಾಗಿಲಿಗೆ ಬರುತ್ತಾನೆ. ಸರಳು ಹಿಡಿದು ನಿಂತು ಒಂದು ಸಲ ಗಲಗಲ ಅಲ್ಲಾಡಿಸುತ್ತಾನೆ. ಆ ಸದ್ದು ನನಗೂ ಕೇಳುತ್ತದೆ. ಕಟ್ಟೆಯಿಂದ ಇಳಿದು ಹೋಗಿ ಸರಳಿನ ಸಂದಿಯಲ್ಲಿ ಒಂದು ಯಾಲಕ್ಕಿ ಕೊಡುತ್ತೇನೆ. ನಿನ್ನೆ ಕಚೇರಿಯ ಉತ್ತರ ಓದಿ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವನು ಯಾಲಕ್ಕಿಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ ಹೇಳಿದ:

"ಅಳಬ್ಯಾಡ್ರಿ ಅಕ್ಕೋರ. ಈ ಬೀಗ ತಗಿಯೂ ದಿವಸ ನಾ ಇಲ್ಲೇ ನಿಂತಿರಬೇಕು. ಅಲ್ಲಿತನಾ ಒಂದು ಸೋಮವಾರ ಬಿಡಂಗಿಲ್ಲ, ಒಂದು ಗುರುವಾರ ಬಿಡಂಗಿಲ್ಲ. ನೀವು ಅರ್ಜಿ ಬರಕೋತ ಇರ್ರಿ, ನಾ ಇಲ್ಲಿಗೆ ಬರಕೋತ ಇರ್ತೀನಿ."

ಇವತ್ತು ಬೆಳಿಗ್ಗೆ ಹೊಸ ಅರ್ಜಿ ಬರೆದೆ. ಮೊದಲಿನದಕ್ಕಿಂತ ಖಾರವಾಗಿದೆ. ಅಂಚೆಗೆ ಹಾಕಲು ಹೊರಟಾಗ ಮುದಕಪ್ಪ ಬಾಗಿಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಹಕ್ಕಿಯ ಗರಿಯಿಂದ ಬೀಗದ ಕಿಂಡಿಗೆ ಎಣ್ಣೆ ಬಿಡುತ್ತಿದ್ದ. ಏನೋ ಮಾಡ್ತೀ ಎಂದೆ.

"ಮಳಿಗೆ ಜಂಗ ಹಿಡೀತೈತ್ರಿ ಅಕ್ಕೋರ," ಎಂದ. "ತಗೀ ಅಂದ ದಿವಸ ಕೀಲಿ ಸಿಕ್ಕೊಳ್ಳಬಾರದು ನೋಡ್ರಿ."

ಅಂಬುಬಾಯಿ